ನಾಯಿ ಕಡಿದಿದೆ, ಅತ್ತೆ ಸೂಜಿಗೆ ಒಪ್ಪುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಕೇಳಿದವರು: ನಿನ್ನೆ ಸಂಜೆ ಡೇರಿಗೆ ಹಾಲು ಹಾಕಿ ಬರುವಾಗ ನಮ್ಮ ಅತ್ತೆಯವರ ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿದೆ. ಎರಡು ಹಲ್ಲು ಇಳಿದು ರಕ್ತ ಬಂದಿದೆ. ಅರಿಶಿನ, ಸುಣ್ಣ ಮೆತ್ತಿಕೊಂಡು ಕುಳಿತಿದ್ದಾರೆ. ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಲಾರೆ ಎಂದು ಹಟ. ನಾಯಿ ಚೆನ್ನಾಗಿಯೇ ಓಡಾಡುತ್ತಿದೆ, ಹತ್ತು ದಿನ ನೋಡೋಣ ಎನ್ನುತ್ತಾರೆ ಮಾವ. ಏನು ಮಾಡಲಿ?

ನಿವೃತ್ತ ಶುಶ್ರೂಷಕಿಯೊಬ್ಬರು: ತಂಗಿ, ಮೊದಲು ಆ ಅರಿಶಿನ ಸುಣ್ಣವನ್ನೆಲ್ಲ ತೊಳೆದು ತೆಗೆಯಿರಿ. ನಲ್ಲಿಯ ಕೆಳಗೆ ಕಾಲಿಟ್ಟು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ರಾತ್ರಿಯೇ ಆಗಬೇಕಿತ್ತು, ಆದರೆ ತಡವಾಯಿತೆಂದು ಬಿಡುವ ಕೆಲಸವಲ್ಲ. ಬಟ್ಟೆ ಸೋಪಾದರೂ ನಡೆಯುತ್ತದೆ. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಅದು ಒಡೆಯುತ್ತದೆ. ಆಮೇಲೆ ಅಯೋಡಿನ್ ದ್ರಾವಣ ಹಚ್ಚಿ. ಬಟ್ಟೆ ಸುತ್ತಿ ಬಿಗಿಯಬೇಡಿ.

ಅತ್ತೆಯವರು ಹೇಳುವ ಹೊಟ್ಟೆಯ ಸೂಜಿ ಸುಳ್ಳಲ್ಲ, ಹಳೆಯ ಕಾಲದ್ದು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ್ದು. ನಮ್ಮ ದೇಶದಲ್ಲಿ ಅದು 2005ರ ಹೊತ್ತಿಗೆ ನಿಂತೇ ಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ತೋಳಿನ ಚರ್ಮದೊಳಗೆ 0.1 ಮಿಲಿಲೀಟರಿನಂತೆ ಹಾಕುತ್ತಾರೆ. ಸರಿಯಾಗಿ ಬಿದ್ದರೆ ಆ ಜಾಗದಲ್ಲಿ ಸೊಳ್ಳೆ ಕಚ್ಚಿದಂತೆ ಸಣ್ಣ ಗುಳ್ಳೆ ಏಳುತ್ತದೆ, ಚರ್ಮದ ರಂಧ್ರಗಳು ಎದ್ದು ಕಾಣುತ್ತವೆ, ಅಷ್ಟೇ. 0, 3, 7, 28ನೆಯ ದಿನ. ಖಾಸಗಿಯಲ್ಲಿ ಸ್ನಾಯುವಿಗೆ ಹಾಕುವುದಾದರೆ 14ನೆಯ ದಿನವೂ ಸೇರಿ ಐದು.

ಆದರೆ ಲಸಿಕೆ ಸಿಕ್ಕಿತೆಂದು ಹೊರಟು ಬಂದುಬಿಡಬೇಡಿ. ಹಲ್ಲು ಇಳಿದು ರಕ್ತ ಬಂದಿರುವುದರಿಂದ ಇದು ಮೂರನೆಯ ವರ್ಗದ, ಅಂದರೆ ಅತಿ ಗಂಭೀರ ಎಂದು ಲೆಕ್ಕ ಹಾಕುವ ಕಡಿತ. ಲಸಿಕೆಗೆ ಮೈ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಗಾಯದಲ್ಲಿರುವ ವೈರಸ್ಸನ್ನು ತಡೆಯುವುದು ಇಮ್ಯುನೊಗ್ಲಾಬ್ಯುಲಿನ್, ಆಸ್ಪತ್ರೆಯಲ್ಲಿ ಸೀರಮ್ ಎನ್ನುತ್ತಾರೆ. ತೂಕ ನೋಡಿ ಪ್ರಮಾಣ ಲೆಕ್ಕ ಹಾಕಿ, ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಇದು ನೋಯುತ್ತದೆ, ಅತ್ತೆಯವರಿಗೆ ಮೊದಲೇ ಹೇಳಿಬಿಡಿ. ಬಾಯಿಬಿಟ್ಟು ಕೇಳಿ: "ಸೀರಮ್ ಇದೆಯೇ?"

ಹಾಸನದ ಕಡೆಯ ಒಬ್ಬರು: ಅಕ್ಕ ಹೇಳಿದ ಕೊನೆಯ ಮಾತಿಗೆ ನನ್ನದೂ ಒಂದು ಸಾಕ್ಷಿ. ನನ್ನ ತಮ್ಮನ ಕೈಗೆ ಕಡಿದಾಗ ಊರಿನ ಒಂದು ಕ್ಲಿನಿಕ್ಕಿನಲ್ಲಿ ಟಿಟಿ ಚುಚ್ಚಿ, ಹೊಲಿಗೆ ಹಾಕಿ, ಎಲ್ಲ ಸರಿಯಾಗಿದೆ ಎಂದು ಕಳುಹಿಸಿದ್ದರು. ಟಿಟಿ ಧನುರ್ವಾಯುವಿಗೆ, ರೇಬೀಸಿಗೂ ಅದಕ್ಕೂ ಸಂಬಂಧವಿಲ್ಲ. ಜಿಲ್ಲಾಸ್ಪತ್ರೆಯ ವೈದ್ಯರು ಹೊಲಿಗೆ ನೋಡಿ ತಲೆ ಚಚ್ಚಿಕೊಂಡರು. ನಾಯಿ ಕಡಿತಕ್ಕೆ ಆದಷ್ಟೂ ಹೊಲಿಗೆ ಹಾಕುವುದಿಲ್ಲವಂತೆ. ಹಾಕಲೇಬೇಕಾದರೆ ಸೀರಮ್ ಕೊಟ್ಟ ಮೇಲೆ, ಸಡಿಲವಾಗಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇದ್ದು ಸೀರಮ್ ಇಲ್ಲದಿದ್ದರೆ, ಲಸಿಕೆಯನ್ನು ಇವತ್ತೇ ಹಾಕಿಸಿಕೊಂಡು ತಾಲ್ಲೂಕಿಗೋ ಜಿಲ್ಲೆಗೋ ಹೊರಡಿ. ಮೊದಲ ಲಸಿಕೆಯಾಗಿ ಏಳು ದಿನದೊಳಗೆ ಸೀರಮ್ ಕೊಡಬಹುದು. ಹಾಗೆಂದು ಏಳನೆಯ ದಿನಕ್ಕೆ ಕಾಯುವವರಿಗೆ ನಾನು ಕೈಮುಗಿಯುತ್ತೇನೆ.

ಬೆಂಗಳೂರಿನಲ್ಲಿ ಬೀದಿನಾಯಿಗಳಿಗೆ ಊಟ ಹಾಕುವವರೊಬ್ಬರು: ಮಾವನವರ ಹತ್ತು ದಿನದ ಲೆಕ್ಕ ಪೂರ್ತಿ ತಪ್ಪಲ್ಲ. ಕಡಿದ ಹೊತ್ತಿಗೆ ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಅದು ಹತ್ತು ದಿನದೊಳಗೆ ಕಾಯಿಲೆ ಬೀಳುತ್ತದೆ, ಸಾಯುತ್ತದೆ. ಆದರೆ ಆ ನೋಟ ಚಿಕಿತ್ಸೆಯ ಜೊತೆಗೆ ನಡೆಯಬೇಕು, ಚಿಕಿತ್ಸೆಯನ್ನು ಮುಂದೂಡಿ ಅಲ್ಲ. ಹತ್ತು ದಿನ ಕಳೆದ ಮೇಲೂ ನಾಯಿ ಗಟ್ಟಿಮುಟ್ಟಾಗಿದ್ದರೆ ಕೊನೆಯ ಸೂಜಿ ಬೇಕೇ ಬೇಡವೇ ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ದಯವಿಟ್ಟು ಅದನ್ನು ಹೊಡೆಯಲು, ಊರಾಚೆ ಬಿಟ್ಟುಬರಲು ಹೋಗಬೇಡಿ; ಕಣ್ಣಿಗೆ ಕಾಣುತ್ತಿದ್ದರೆ ನಿಮಗೇ ಲಾಭ. ಕಿವಿಯ ತುದಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಆಗಿದೆ, ಆಗ ಲಸಿಕೆಯನ್ನೂ ಹಾಕಿರುತ್ತಾರೆ. ಅದು ಯಾವ ವರ್ಷದ ಮಾತೋ ಕಿವಿ ನೋಡಿ ಹೇಳಲಾಗದು, ಅದನ್ನೇ ನಂಬಿ ಕೂರಬೇಡಿ.

ವಿದ್ಯುತ್ ಮೀಟರ್ ಓದುವ ಕೆಲಸದವರು: ನಮಗೆ ನಾಯಿ ಕಡಿತ ಕೆಲಸದ ಭಾಗವೇ. ಲಸಿಕೆ ಹಾಕಿದ್ದಕ್ಕೆ ಆಸ್ಪತ್ರೆಯವರು ಕೊಡುವ ಕಾರ್ಡ್ ಜೋಪಾನವಾಗಿಡಿ. ಒಮ್ಮೆ ಪೂರ್ತಿ ಹಾಕಿಸಿಕೊಂಡವರಿಗೆ ಮತ್ತೆ ಕಡಿದರೆ 0 ಮತ್ತು 3ನೆಯ ದಿನದ ಎರಡೇ ಸೂಜಿ, ಸೀರಮ್ ಬೇಕಿಲ್ಲ. ಕಾರ್ಡ್ ಇಲ್ಲದೆ ನನ್ನ ಜೊತೆಯವರೊಬ್ಬರು ಎಲ್ಲವನ್ನೂ ಮೊದಲಿನಿಂದ ಹಾಕಿಸಿಕೊಳ್ಳಬೇಕಾಯಿತು.

ಕೇಳಿದವರು: ಗಾಯ ತೊಳೆದೆವು, ಆಟೋ ಬರುತ್ತಿದೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಪರವಾಗಿಲ್ಲವೇ? ಪಥ್ಯ ಏನು?

ನಿವೃತ್ತ ಶುಶ್ರೂಷಕಿ: ಸಕ್ಕರೆ ಕಾಯಿಲೆ ಅಡ್ಡಿಯಲ್ಲ; ಬಸುರಿ, ಬಾಣಂತಿ, ಹಸುಗೂಸಿಗೂ ಈ ಲಸಿಕೆ ಹಾಕುತ್ತೇವೆ. ಮಾತ್ರೆಗಳ ಚೀಟಿಯನ್ನು ಮಾತ್ರ ಜೊತೆಗೆ ಒಯ್ಯಿರಿ. ಬದನೆಕಾಯಿ ನಂಜು, ಮಾಂಸ ನಂಜು ಎಂದು ಊರವರು ಹೇಳಿದರೆ ಕೇಳಿಸಿಕೊಂಡು ಸುಮ್ಮನಿರಿ, ಪಥ್ಯ ಏನೂ ಇಲ್ಲ. ಸೀರಮ್ ಆದ ಮೇಲೆ ಅಲರ್ಜಿ ನೋಡಲು ಸ್ವಲ್ಪ ಹೊತ್ತು ಕೂರಿಸುತ್ತಾರೆ, ಎದ್ದು ಬರಬೇಡಿ. ಇವತ್ತಿನದು ಸೊನ್ನೆಯ ದಿನ, ಅಲ್ಲಿಂದ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ, ಹಬ್ಬ ಎಂದು ಒಂದು ದಿನ ತಪ್ಪಿದರೆ ಮಾರನೆಯ ದಿನವೇ ಹೋಗಿ. ಮೊದಲಿನಿಂದ ಶುರು ಮಾಡಬೇಕಿಲ್ಲ.