ಪದಚರ್ಚೆ: ‘ಚಾರ್‌ಕೋಲ್ ಕಿಲ್ನ್’ಗೆ ಕನ್ನಡದಲ್ಲಿ? (ತುರ್ತು)

ಗೆಳೆಯರೇ,
ನಮ್ಮ ಕನ್ನಡ ಕೂಟದ ಡೆತ್ ವ್ಯಾಲಿ (ಅಮೆರಿಕದ ಮರುಭೂಮಿ ಕಣಿವೆ) ಪ್ರವಾಸದ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ಅಲ್ಲಿನ ವೈಲ್ಡ್‌ರೋಸ್‌ನ ‘ಚಾರ್‌ಕೋಲ್ ಕಿಲ್ನ್’ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. 1877ರಲ್ಲಿ ಮೋಡಾಕ್ ಗಣಿ ಕಂಪನಿ ಕಟ್ಟಿಸಿದ ಹತ್ತು ಕಲ್ಲಿನ ಗುಮ್ಮಟಗಳು, ಒಂದೊಂದೂ ಸುಮಾರು 25 ಅಡಿ ಎತ್ತರ. ಬೆಟ್ಟದ ಪಿನ್ಯನ್ ಪೈನ್, ಜೂನಿಪರ್ ಕಡಿದು ಇವುಗಳಲ್ಲಿ ಸುಟ್ಟು, ಇದ್ದಿಲನ್ನು ಸುಮಾರು 25 ಮೈಲಿ ಆಚೆ ಆರ್ಗಸ್ ಬೆಟ್ಟಸಾಲಿನ ಸೀಸ-ಬೆಳ್ಳಿ ಗಣಿಗಳ ಕುಲುಮೆಗೆ ಸಾಗಿಸುತ್ತಿದ್ದರು. ಸದ್ಯಕ್ಕೆ ‘ಇದ್ದಿಲು ಭಟ್ಟಿ’ ಅಂತ ಬರೆದಿದ್ದೇನೆ. ನಡೆಯುತ್ತದೆಯೇ?

ಮರು:
ನಡೆಯುವುದಿಲ್ಲ. ಭಟ್ಟಿ ಎಂದರೆ ಸಾರಾಯಿ ನೆನಪಾಗುತ್ತದೆ. ಸಾಲದ್ದಕ್ಕೆ ಅದು ‘ಭ್ರಾಷ್ಟ್ರ’ದಿಂದ ಹಿಂದಿ ಸುತ್ತಿಕೊಂಡು ಬಂದದ್ದು. ನಮ್ಮ ಕುಂಬಾರರ ಅಚ್ಚಗನ್ನಡ ‘ಆವಿಗೆ’ ಇರುವಾಗ ಎರವಲೇಕೆ? ‘ಇದ್ದಿಲಾವಿಗೆ’ ಎನ್ನಿ.

ಮರು:
ಆವಿಗೆ ಅಚ್ಚಗನ್ನಡವಂತೆ! ‘ಆಪಾಕ’ದ ತದ್ಭವ ಸ್ವಾಮಿ ಅದು. ಅರ್ಥವೂ ಕೂಡುವುದಿಲ್ಲ. ಆವಿಗೆಯಲ್ಲಿ ಕಟ್ಟಿಗೆ ಉರಿದು ಮಡಕೆ ಬೇಯಬೇಕು. ಇಲ್ಲಿ ಕಟ್ಟಿಗೆಯೇ ಬೇಯಬೇಕು, ಉರಿಯಬಾರದು. ಒಳಗೆ ಒಟ್ಟಿ, ಬೆಂಕಿಯಿಟ್ಟು, ಬಾಗಿಲು ಮುಚ್ಚಿ, ಹೊಗೆಯ ಬಣ್ಣ ನೋಡಿಕೊಂಡು ಬುಡದ ಗಾಳಿಕಂಡಿಗಳನ್ನು ಮುಚ್ಚುತ್ತ ಬರಬೇಕು. ಗಾಳಿ ಹೆಚ್ಚಾಯಿತೋ, ಸಿಗುವುದು ಬರೀ ಬೂದಿ. ಸುಣ್ಣದ ಗೂಡು, ಇಟ್ಟಿಗೆ ಗೂಡು ಇದ್ದಹಾಗೆ ‘ಇದ್ದಿಲ ಗೂಡು’ ಸಾಕು. ಇಂಗ್ಲಿಷಿನವರೂ ಈ ಆಕಾರವನ್ನು ಜೇನುಗೂಡಿಗೇ ಹೋಲಿಸುತ್ತಾರೆ.

ಮರು:
ನಮ್ಮ ಕಡೆ ಇಟ್ಟಂಗಿ ಭಟ್ಟಿ ಅಂತನ ಅಂತೀವಿ. ಯಾರಿಗೂ ಸಾರಾಯಿ ನೆನಪಾಗಂಗಿಲ್ರಿ. ಬೆಂಗಳೂರಿನವರಿಗೆ ಆಗ್ತಿದ್ರ ಅದು ಭಾಷಾದ ತಪ್ಪಲ್ಲ.

ಮರು:
ವ್ಯಂಗ್ಯ ಬೇಡ. ಆವಿಗೆ ಸೂಚಿಸಿದ್ದು ನಾನೇ. ಬಾಯಿಗೆ ಒಗ್ಗಿ ರೂಪ ಬದಲಾದ ತದ್ಭವ ಬೇರೆ, ಇದ್ದಹಾಗೇ ಎತ್ತಿಕೊಂಡ ಎರವಲು ಬೇರೆ. ಇದನ್ನು ಎಷ್ಟು ಸಲ ಬರೆಯಬೇಕೋ.

ಮರು:
ನಿಮಗೆ ಬೇಕಾದ ಪದ ತದ್ಭವ, ಬೇಡದ್ದು ಎರವಲು! ಪ್ರಶ್ನೆಯಲ್ಲಿರುವ ‘ಗಣಿ’ಯೂ ‘ಖನಿ’ಯೇ. ಕಂಪನಿಯನ್ನಂತೂ ಯಾರೂ ಕೇಳಲೇ ಇಲ್ಲ. ಸೋಸುತ್ತ ಕೂತರೆ ಕೈಪಿಡಿಯಲ್ಲಿ ಬೆಳ್ಳಿ, ಕಲ್ಲು, ಗೂಡು ಇಷ್ಟೇ ಉಳಿದಾವು.

ಮರು:
‘ಇದ್ದಿಲ ಗೂಡು’ ಹಾಕಿದೆ. ಬೀದರ್ ಕಡೆಯವರೂ ಬರುತ್ತಿದ್ದಾರೆ, ಹಾಗಾಗಿ ಆವರಣದಲ್ಲಿ ‘ಭಟ್ಟಿ’ಯೂ ಇರುತ್ತದೆ. ‘ಕುಲುಮೆ’ ಬಗ್ಗೆ ಯಾರೂ ತಕರಾರು ತೆಗೆದಿಲ್ಲವಾದ್ದರಿಂದ ಅದು ಹಾಗೇ ಹೋಗುತ್ತಿದೆ.

ಮರು:
ಕುಲುಮೆ ಕಮ್ಮಾರನದು. ಅದಿರು ಕರಗಿಸುವುದಕ್ಕೆ ಅದು ಸಲ್ಲದು. ಅಚ್ಚು ನಿಲ್ಲಿಸಿ.