ಕರು ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ, ಮಗಳು ಇನ್ನು ಹೆಸರು ಬರೆಸಬೇಡ ಎನ್ನುತ್ತಿದ್ದಾಳೆ

ಚುಕ್ಕಿ ಮನೆಯವರು, ಚಿಂತಾಮಣಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಸೀಮೆ ಹಸು ಇವೆ. ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತೇವೆ. ಮಗಳು ಏಳನೇ ಕ್ಲಾಸ್. ಐದು ತಿಂಗಳ ಹಿಂದೆ ದೊಡ್ಡ ಹಸು ಹೆಣ್ಣುಕರು ಹಾಕಿತು. ಅವಳಪ್ಪ "ಈ ಕರು ನಿಂದೇ, ನೀನೇ ನೋಡ್ಕೋ" ಎಂದುಬಿಟ್ಟರು. ಹಣೆಯಲ್ಲಿ ಬಿಳಿ ಬೊಟ್ಟು ಇತ್ತು, ಚುಕ್ಕಿ ಎಂದು ಹೆಸರಿಟ್ಟಳು.

ಅವತ್ತಿನಿಂದ ಅವಳ ದಿನಚರಿಯೇ ಬದಲಾಯಿತು. ಹುಟ್ಟಿದ ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿದ್ದು ಅವಳೇ. ಕರುವಿನ ತೂಕದಲ್ಲಿ ಹತ್ತನೇ ಒಂದು ಭಾಗ ಹಾಲು ಕೊಡಬೇಕು ಎಂದು ಡಾಕ್ಟರ್ ಹೇಳಿದ್ದನ್ನು ಹಿಡಿದುಕೊಂಡಳು. ಮೂವತ್ತು ಕೆಜಿ ಕರುವಿಗೆ ಮೂರು ಲೀಟರ್. ಅವಳಪ್ಪ ಎರಡು ಸಾಕು, ಉಳಿದದ್ದು ಡೈರಿಗೆ ಎಂದರೆ ಕ್ಯಾನ್ ಮುಂದೆ ನಿಂತು ಜಗಳ ಮಾಡುತ್ತಿದ್ದಳು. ಜಂತುಹುಳದ ಔಷಧಿ ಕುಡಿಸಿದ ತಾರೀಖನ್ನು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.

ಹೋದ ತಿಂಗಳು ಪಕ್ಕದ ಊರಲ್ಲಿ ಕರುಗಳ ಪ್ರದರ್ಶನ ಇತ್ತು. ಬೆಳಗ್ಗೆ ಐದಕ್ಕೆ ಎದ್ದು ಚುಕ್ಕಿಯ ಮೈ ತೊಳೆದು, ಕೊರಳಿಗೆ ಸೇವಂತಿಗೆ ಹಾರ ಹಾಕಿ ಹೊರಡಿಸಿದಳು. ಅಲ್ಲಿ ಮೈಕಿನ ಸದ್ದಿಗೆ ಕರು ಬೆದರಿ ಓಡಿತು. ಮಗಳು ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಳು, ಎಳೆದುಕೊಂಡು ಹೋಯಿತು. ಮಂಡಿ ತರಚಿ ರಕ್ತ ಬಂತು. ಆದರೂ ಹಗ್ಗ ಬಿಡಲಿಲ್ಲ. ತೀರ್ಪು ಕೊಡುವವರು ಬಂದರು, ಬಗ್ಗಿ ನೋಡಿದರು, ಏನೋ ಬರೆದುಕೊಂಡು ಮುಂದೆ ಹೋದರು. ಮೂರು ಬಹುಮಾನದಲ್ಲಿ ಒಂದೂ ನಮಗಿಲ್ಲ. ಬಂದವರಿಗೆಲ್ಲ ಒಂದೊಂದು ಪ್ಯಾಕೆಟ್ ಮಿನರಲ್ ಮಿಕ್ಸ್ಚರ್ ಕೊಟ್ಟರು, ಅಷ್ಟೇ.

ಮನೆಗೆ ಬಂದು "ಅಮ್ಮ, ನನ್ನ ಕರು ಚೆನ್ನಾಗಿಲ್ವಾ? ನಾನು ಸರಿಯಾಗಿ ಸಾಕಿಲ್ವಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ದಿನಾ ಕೊಟ್ಟಿಗೆಗೆ ಹೋಗುತ್ತಾಳೆ. ಆದರೆ ನೋಟ್‌ಬುಕ್ ಮುಚ್ಚಿಟ್ಟಿದ್ದಾಳೆ. ಇನ್ನು ಎಲ್ಲೂ ನನ್ನ ಹೆಸರು ಬರೆಸಬೇಡ ಎನ್ನುತ್ತಾಳೆ. ಎರಡು ತಿಂಗಳಲ್ಲಿ ಇನ್ನೊಂದು ಪ್ರದರ್ಶನ ಇದೆ. ಒತ್ತಾಯ ಮಾಡಲಾ, ಸುಮ್ನೆ ಬಿಟ್ಟುಬಿಡಲಾ? ಕರುವಿನಲ್ಲಿ ಏನು ನೋಡಿ ಬಹುಮಾನ ಕೊಡುತ್ತಾರೆ ಎಂದು ಗೊತ್ತಿರುವವರು ದಯವಿಟ್ಟು ಹೇಳಿ.

ಕೋಲಾರದ ಅಕ್ಕ

ತಂಗಿ, ಬೇಜಾರು ಮಾಡಿಕೊಳ್ಳಬೇಡ. ಸಗಣಿ ಬಾಚಿ, ಹುಲ್ಲು ಹೊತ್ತು ನಮ್ಮ ಸೊಂಟ ಹೋಗಿದೆ. ಹುಡುಗಿಗೂ ಅದೇ ಯಾಕೆ? ಓದಿಕೊಳ್ಳಲಿ ಬಿಡು. ನನ್ನ ಮಗಳನ್ನು ನಾನು ಕೊಟ್ಟಿಗೆಗೇ ಬಿಡಲಿಲ್ಲ, ಈಗ ನರ್ಸಿಂಗ್ ಓದುತ್ತಿದ್ದಾಳೆ.

ಹಳ್ಳಿಕಾರ್ ಜೋಡಿ, ಕೊರಟಗೆರೆ

ನಮ್ಮದು ಮೂರು ತಲೆಮಾರಿನಿಂದ ಹಳ್ಳಿಕಾರ್ ತಳಿಯ ದನ ಸಾಕುವ ಮನೆ. ಶಿವರಾತ್ರಿ ಸಮಯಕ್ಕೆ ಸಿದ್ಧಗಂಗೆ ದನಗಳ ಜಾತ್ರೆಗೆ ಎತ್ತು ಕಟ್ಟುತ್ತೇವೆ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಜಾತ್ರೆ ನಿಲ್ಲಿಸಿದ್ದು ನೆನಪಿದೆ ಅಲ್ವಾ? ಅಂಥ ವರ್ಷದಲ್ಲಿ ಬಿಟ್ಟರೆ ಜಾತ್ರೆ ತಪ್ಪಿಸಿದವರಲ್ಲ. ಬಹುಮಾನದ ವಿಷಯ ತಿಳಿದವರು ಹೇಳಲಿ. ನಾನು ಹಗ್ಗದ ವಿಷಯ ಹೇಳುತ್ತೇನೆ.

ಮೊದಲು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂದು ಮಗುವಿಗೆ ಇವತ್ತೇ ಹೇಳಿಕೊಡಿ. ಇದರಲ್ಲಿ ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಹಗ್ಗವನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿಯಬೇಕು, ಬೇಕಾದಾಗ ಬಿಡುವ ಹಾಗಿರಬೇಕು. ಬರೀ ಕೊರಳಿಗೆ ಕಟ್ಟಿದರೆ ಕರು ತಲೆ ತಗ್ಗಿಸಿ ಎಳೆಯುತ್ತದೆ. ಮುಖದ ಸುತ್ತ ಬರುವ ಹಾಗೆ ಹಗ್ಗ ಹಾಕಿದರೆ ಮಕ್ಕಳ ಕೈಗೂ ಸಿಗುತ್ತದೆ.

ಇನ್ನು ಸದ್ದು. ನಮ್ಮ ಹೋರಿಗಳನ್ನು ತಮಟೆ, ವಾದ್ಯದ ಜೊತೆ ಮೆರವಣಿಗೆಯಲ್ಲಿ ಕರೆದುಕೊಂಡು ಹೋಗುತ್ತೇವೆ. ಒಂದೇ ದಿನದಲ್ಲಿ ರೂಢಿಯಾಗಲ್ಲ. ಕೊಟ್ಟಿಗೆಯಲ್ಲಿ ರೇಡಿಯೋ ಹಾಕಿಡಿ. ಸಂಜೆ ಡೈರಿ ಹತ್ತಿರ ಕ್ಯಾನ್ ಸದ್ದು, ಬೈಕ್ ಸದ್ದು ಜಾಸ್ತಿ ಇರುವಾಗ ಕರುವನ್ನು ಹಿಡಿದುಕೊಂಡು ಎರಡು ಸುತ್ತು ಹಾಕಲಿ. ಒಂದು ತಿಂಗಳು ಹೀಗೆ ಮಾಡಿದರೆ ಮೈಕಿಗೆ ಕಿವಿ ಕೂಡ ಅಲ್ಲಾಡಿಸಲ್ಲ.

ಹಗ್ಗ ಬಿಡದೆ ನಿಂತ ಮಗು ಕಣಮ್ಮ ಅದು. ಅವಳನ್ನು ಬಿಟ್ಟುಕೊಡಬೇಡಿ.

ನಿವೃತ್ತ ಪಶುವೈದ್ಯ

ಅಮ್ಮ, ನಿಮ್ಮ ಮಗಳ ಪ್ರಶ್ನೆ ಓದಿ ನಿದ್ದೆ ಬರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಇಂಥ ಪ್ರದರ್ಶನಗಳಲ್ಲಿ ನಾನೂ ತೀರ್ಪು ಕೊಟ್ಟಿದ್ದೇನೆ. ಮಧ್ಯಾಹ್ನದೊಳಗೆ ಮುಗಿಸಬೇಕು, ಅತಿಥಿಗಳು ಕಾಯುತ್ತಿರುತ್ತಾರೆ. ಮೂರು ನಂಬರ್ ಕೂಗಿ ಎದ್ದು ಬರುತ್ತಿದ್ದೆ. ಉಳಿದವರಿಗೆ ಯಾಕೆ ಬರಲಿಲ್ಲ ಎಂದು ಒಂದು ಮಾತು ಹೇಳಿದ್ದಿಲ್ಲ. ಅದು ತಪ್ಪು ಎಂದು ಈಗ ಅನ್ನಿಸುತ್ತಿದೆ.

ನಾವು ನೋಡುತ್ತಿದ್ದದ್ದು ಇಷ್ಟು. ವಯಸ್ಸಿಗೆ ತಕ್ಕ ತೂಕ ಮತ್ತು ಎತ್ತರ ಇದೆಯಾ. ಬೆನ್ನು ನೇರವಾಗಿದೆಯಾ. ಕಾಲು ನಾಲ್ಕೂ ಸರಿಯಾಗಿ ಊರುತ್ತದಾ. ಕೂದಲು ನುಣುಪಾಗಿ ಹೊಳೆಯುತ್ತದಾ, ಇಲ್ಲ ಒರಟಾಗಿ ಎದ್ದು ನಿಂತಿದೆಯಾ. ಹೊಟ್ಟೆ ಮಾತ್ರ ಡೊಳ್ಳಾಗಿ ಮೈ ಬಡಕಲಾಗಿದ್ದರೆ ಜಂತುಹುಳ ಇದೆ ಎಂದು ಲೆಕ್ಕ. ಹೆಣ್ಣುಕರುವಾದ್ದರಿಂದ ಬಗ್ಗಿ ಮೊಲೆ ನೋಡುತ್ತೇವೆ. ನಾಲ್ಕೂ ಒಂದೇ ಸಮ, ಸಮಾನ ಅಂತರದಲ್ಲಿ ಇರಬೇಕು. ನಾಲ್ಕರ ಜೊತೆ ಐದನೆಯದೊಂದು ಸಣ್ಣದು ಇದ್ದರೆ ಅಂಕ ಹೋಗುತ್ತದೆ. ಮುಂದೆ ಹಾಲು ಕರೆಯುವಾಗ ತೊಂದರೆ, ಕೆಚ್ಚಲು ಬಾವು ರೋಗಕ್ಕೂ ದಾರಿ. ನಿಮ್ಮ ಕರುವಿನಲ್ಲೂ ಬಗ್ಗಿ ನೋಡಿದರು ಎಂದಿರಲ್ಲ, ನೀವೂ ಒಮ್ಮೆ ನೋಡಿ.

ತೂಕ ನೋಡಲು ತಕ್ಕಡಿ ಬೇಕಿಲ್ಲ. ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ಮೂಳೆಯಿಂದ ಹಿಂದೆ ಬಾಲದ ಬುಡದ ಪಕ್ಕ ಉಬ್ಬಿರುವ ಮೂಳೆವರೆಗೆ ಉದ್ದವನ್ನೂ ಇಂಚಿನಲ್ಲೇ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಹೆಚ್ಚು ಕಡಿಮೆ ತೂಕ ಕೆಜಿಯಲ್ಲಿ ಸಿಗುತ್ತದೆ. ಸುತ್ತಳತೆ 38, ಉದ್ದ 32 ಇದ್ದರೆ ಸುಮಾರು 70 ಕೆಜಿ. ಏಳನೇ ಕ್ಲಾಸಿನ ಹುಡುಗಿ ಈ ಲೆಕ್ಕವನ್ನು ಆರಾಮಾಗಿ ಮಾಡುತ್ತಾಳೆ. ಹದಿನೈದು ದಿನಕ್ಕೊಮ್ಮೆ ಅಳೆದು ಆ ನೋಟ್‌ಬುಕ್ಕಿನಲ್ಲೇ ಬರೆಯಲಿ.

ಇನ್ನೊಂದು. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ, ಅಂದರೆ ಗರ್ಭ ಕಳಚುವ ರೋಗದ ಲಸಿಕೆ ಹಾಕಿಸಬೇಕು. ಜೀವಮಾನದಲ್ಲಿ ಒಂದೇ ಸಲ. ಚುಕ್ಕಿಗೆ ಈಗ ಸರಿಯಾದ ಸಮಯ, ತಪ್ಪಿಸಬೇಡಿ.

ಗೌರಿಬಿದನೂರು ಹುಡುಗ, ಈಗ ಬೆಂಗಳೂರು

ಡಾಕ್ಟರ್ ಸರ್ ಹೇಳಿದ ಮಾತಿಗೆ ಇದನ್ನೂ ಸೇರಿಸುತ್ತೇನೆ. ನಮ್ಮಣ್ಣ ಅಮೆರಿಕದ ಓಹಾಯೋದಲ್ಲಿದ್ದಾರೆ. ಅಲ್ಲಿ ಹಳ್ಳಿ ಮಕ್ಕಳಿಗೆ ಫೋರ್ ಎಚ್ ಎಂಬ ಸಂಘ ಇದೆ. 1902ರಲ್ಲಿ ಅದೇ ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಶುರು ಮಾಡಿದ ಮಕ್ಕಳ ಕೃಷಿ ಸಂಘದಿಂದ ಬೆಳೆದದ್ದು. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕೂ ಇಂಗ್ಲಿಷಿನಲ್ಲಿ ಎಚ್ ಅಕ್ಷರದಿಂದ ಶುರುವಾಗುತ್ತವೆ, ಅದಕ್ಕೆ ಆ ಹೆಸರು. ಮಕ್ಕಳು ಕರು, ಕುರಿ, ಕೋಳಿ ಸಾಕಿ, ಮೇವಿನ ಖರ್ಚು ಬರೆದಿಟ್ಟು, ಬೇಸಿಗೆಯಲ್ಲಿ ಜಿಲ್ಲಾ ಜಾತ್ರೆಗೆ ತರುತ್ತಾರೆ.

ಒಂದು ಜಾತ್ರೆಗೆ ನಾನೂ ಹೋಗಿದ್ದೆ. ಎರಡು ವಿಷಯ ಮನಸ್ಸಿನಲ್ಲಿ ಉಳಿದಿವೆ. ಅಲ್ಲಿ ಒಂದು ಸ್ಪರ್ಧೆಯಲ್ಲಿ ಪ್ರಾಣಿಗೆ ಅಂಕವೇ ಇಲ್ಲ. ಮಗು ಅದನ್ನು ಹೇಗೆ ನಡೆಸುತ್ತದೆ, ಬೆದರಿದಾಗ ಹೇಗೆ ಸಮಾಧಾನ ಮಾಡುತ್ತದೆ, ಅದನ್ನು ಮಾತ್ರ ನೋಡುತ್ತಾರೆ. ನಿಮ್ಮ ಮಗಳು ಅಲ್ಲಿದ್ದಿದ್ದರೆ ಅವಳನ್ನೇ ಎಲ್ಲರೂ ನೋಡುತ್ತಿದ್ದರು. ಇನ್ನೊಂದು, ತೀರ್ಪುಗಾರರು ಮೈಕ್ ಹಿಡಿದು ಈ ಕರು ಯಾಕೆ ಮೊದಲು, ಅದು ಯಾಕೆ ನಾಲ್ಕನೆಯದು ಎಂದು ಕಾರಣ ಹೇಳುತ್ತಾರೆ. ಸೋತ ಮಕ್ಕಳು ಕಿವಿಗೊಟ್ಟು ಕೇಳುತ್ತಿದ್ದರು. ನಮ್ಮಲ್ಲೂ ಇದಕ್ಕೇನು ದುಡ್ಡು ಬೇಕಾ? ಹತ್ತು ನಿಮಿಷ ಸಾಕು.

ಚುಕ್ಕಿ ಮನೆಯವರು, ಚಿಂತಾಮಣಿ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಲಾರದ ಅಕ್ಕ, ನಿಮ್ಮ ಮಾತು ಅರ್ಥವಾಗುತ್ತದೆ. ಓದು ಬಿಡಿಸಲ್ಲ. ಆದರೆ ಈ ಕರು ಬಂದ ಮೇಲೆ ಅವಳು ಬೆಳಗ್ಗೆ ತಾನೇ ಏಳುತ್ತಾಳೆ, ಲೆಕ್ಕ ಎಂದರೆ ಓಡಿ ಹೋಗುತ್ತಿದ್ದವಳು ಲೀಟರ್, ಗ್ರಾಂ ಎಲ್ಲ ಬಾಯಲ್ಲೇ ಹೇಳುತ್ತಾಳೆ. ಅದನ್ನು ಕಿತ್ತುಕೊಳ್ಳಲು ಮನಸ್ಸಿಲ್ಲ.

ಡಾಕ್ಟರ್ ಸರ್, ನಿಮ್ಮ ಉತ್ತರವನ್ನು ಅವಳಿಗೇ ಓದಲು ಕೊಟ್ಟೆ. ಎರಡು ಸಲ ಓದಿದಳು. ಟಾರ್ಚ್ ತೆಗೆದುಕೊಂಡು ಕೊಟ್ಟಿಗೆಗೆ ಓಡಿದಳು. ಹಿಂದಿನ ಬಲ ಮೊಲೆಯ ಪಕ್ಕದಲ್ಲಿ ಕಡಲೆಕಾಳಿನಷ್ಟು ಸಣ್ಣದೊಂದು ಇದೆ! ಇಷ್ಟು ದಿನ ನಾವ್ಯಾರೂ ನೋಡಿರಲಿಲ್ಲ. "ಹಂಗಾದ್ರೆ ಅದು ಹುಟ್ಟಿದಾಗಲೇ ಇತ್ತು, ನಾನು ಸಾಕಿದ್ದು ತಪ್ಪಲ್ಲ" ಎಂದಳು. ಒಂದು ತಿಂಗಳಿಂದ ಆ ಮುಖ ನೋಡಿರಲಿಲ್ಲ ನಾನು.

ಆಮೇಲೆ ಟೇಪ್ ತಂದು ಅಳೆದಳು. ಸುತ್ತಳತೆ 41, ಉದ್ದ 35. ಲೆಕ್ಕ ಮಾಡಿದರೆ 89 ಕೆಜಿ ಬಂತು. ನೋಟ್‌ಬುಕ್ ತೆರೆದು ಬರೆದಿದ್ದಾಳೆ. ಇವತ್ತು ಸಂಜೆ ಮುಖಕ್ಕೆ ಹಗ್ಗ ಹಾಕಿ ಡೈರಿವರೆಗೂ ಹೋಗಿ ಬಂದಳು. ಡೈರಿ ಸೆಕ್ರೆಟರಿ ಹತ್ತಿರ ನಾನೂ ಮಾತಾಡಿದೆ. ಮುಂದಿನ ಪ್ರದರ್ಶನದಲ್ಲಿ ಕಾರಣ ಹೇಳಿಸಿ, ಕರು ಹಿಡಿದು ಬರುವ ಮಕ್ಕಳಿಗೆ ಬೇರೆ ಬಹುಮಾನ ಇಡಿ ಎಂದು ಕೇಳಿದ್ದೇನೆ. ಮೀಟಿಂಗಿನಲ್ಲಿ ಇಡುತ್ತೇನೆ ಎಂದಿದ್ದಾರೆ.

ಮಗಳ ಒಂದು ಪ್ರಶ್ನೆ ಸರ್. ಆ ಐದನೆಯದನ್ನು ತೆಗೆಸಬಹುದಾ, ಚುಕ್ಕಿಗೆ ನೋವಾಗುತ್ತದಾ ಎಂದು ಕೇಳುತ್ತಿದ್ದಾಳೆ.

ನಿವೃತ್ತ ಪಶುವೈದ್ಯ

ತೆಗೆಸಬಹುದು, ಕರು ಚಿಕ್ಕದಿರುವಾಗಲೇ ಒಳ್ಳೆಯದು. ಮನೆಯಲ್ಲಿ ಮಾತ್ರ ಕತ್ತರಿಸಲು ಹೋಗಬೇಡಿ. ನಿಮ್ಮ ಊರಿನ ಡಾಕ್ಟರಿಗೆ ತೋರಿಸಿ, ಯಾವುದು ಹೆಚ್ಚಿನದು ಎಂದು ಅವರೇ ಗುರುತಿಸಲಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ, ಜಾಸ್ತಿ ನೋವಾಗಲ್ಲ. ಗಾಯಕ್ಕೆ ನೊಣ ಕೂರದ ಹಾಗೆ ನಾಲ್ಕೈದು ದಿನ ಔಷಧಿ ಹಚ್ಚಬೇಕು. ಶಾಲೆ ರಜೆ ಇರುವ ದಿನ ನೋಡಿ ಹೋಗಿ. ಚುಕ್ಕಿಯ ತಲೆ ಹಿಡಿದುಕೊಳ್ಳಲು ಅವಳು ಜೊತೆಗಿರಲಿ.