ಅಮೆರಿಕದ ಇಮಿಗ್ರೇಶನ್ (ವಲಸೆ) ಕೋರ್ಟಿನ ನೋಟಿಸು ಬಂದವರಿಗೆ, ವಕೀಲರಲ್ಲದ ನಾವು ಎಷ್ಟರ ಮಟ್ಟಿಗೆ ನೆರವಾಗಬಹುದು?

ಜೆರ್ಸಿ_ಕನ್ನಡಿಗ ಕೇಳಿದ್ದು:

ನಮ್ಮ ಕನ್ನಡ ಸಂಘದ ಕೆಲವರು ಸೇರಿ ನೆರವಿನ ಗುಂಪೊಂದನ್ನು ಕಟ್ಟುತ್ತಿದ್ದೇವೆ. ಕೆಲಸ ಹೋದ ಮೇಲೆ ವೀಸಾ ಮುಂದುವರಿಕೆ ತಿರಸ್ಕೃತವಾಗಿ ‘ನೋಟಿಸ್ ಟು ಅಪಿಯರ್’ (ಗಡೀಪಾರು ಪ್ರಕರಣದಲ್ಲಿ ಹಾಜರಾಗಲು ನೋಟಿಸು) ಬಂದವರು ನಮ್ಮ ಹತ್ತಿರ ಬರುತ್ತಿದ್ದಾರೆ, ಅಸೈಲಮ್ (ಆಶ್ರಯ) ಕೇಳಿದವರೂ ಇದ್ದಾರೆ. ಹೆಚ್ಚಿನವರಿಗೆ ವಕೀಲರ ಶುಲ್ಕ ಕೊಡುವ ಶಕ್ತಿ ಇಲ್ಲ. ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರಾ? ಕಾನೂನು ಮೀರದೆ ನಾವು ಏನೇನು ಮಾಡಬಹುದು? ಬೆಂಗಳೂರಿನಲ್ಲಿ ಎಲ್‌ಎಲ್‌ಬಿ ಮಾಡಿ ಪ್ರಾಕ್ಟೀಸ್ ಮಾಡಿದ ಇಬ್ಬರು ನಮ್ಮಲ್ಲಿದ್ದಾರೆ. ಅವರು ಇಲ್ಲಿ ವಕಾಲತ್ತು ವಹಿಸಬಹುದೇ?

ಶರಾವತಿ ಉತ್ತರಿಸಿದ್ದು:

ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕಾನೂನಿನಲ್ಲಿದೆ, ಆದರೆ ‘ಸರ್ಕಾರಕ್ಕೆ ಖರ್ಚಿಲ್ಲದಂತೆ’ ಎಂಬ ಷರತ್ತೂ ಅದರ ಜೊತೆಗೇ ಇದೆ. ಗಡೀಪಾರು ಪ್ರಕರಣ ಸಿವಿಲ್ ಸ್ವರೂಪದ್ದು, ಈ ಕೋರ್ಟುಗಳು ನ್ಯಾಯಾಂಗಕ್ಕಲ್ಲ, ನ್ಯಾಯ ಇಲಾಖೆಗೆ ಸೇರಿದವು. ಹಾಗಾಗಿ ಕ್ರಿಮಿನಲ್ ಕೇಸಿನ ಹಾಗೆ ಸರ್ಕಾರದ ಖರ್ಚಿನಲ್ಲಿ ವಕೀಲರ ನೇಮಕ ಇಲ್ಲ. 2007ರಿಂದ 2012ರವರೆಗಿನ ಪ್ರಕರಣಗಳ ಒಂದು ದೊಡ್ಡ ಅಧ್ಯಯನದಲ್ಲಿ ವಕೀಲರಿದ್ದವರು ಶೇ. 37 ಮಾತ್ರ, ಬಂಧನದಲ್ಲಿದ್ದವರಲ್ಲಿ ಶೇ. 14. ನ್ಯೂಯಾರ್ಕ್ ನಗರ 2013ರಲ್ಲಿ ವ್ಯಾರಿಕ್ ಸ್ಟ್ರೀಟ್ ಕೋರ್ಟಿನಲ್ಲಿ ಬಂಧಿತರಿಗೆ ತನ್ನ ದುಡ್ಡಿನಿಂದ ವಕೀಲರನ್ನು ಕೊಡಲು ಶುರುಮಾಡಿತು. ಅಂಥದ್ದು ಎಲ್ಲ ಊರಲ್ಲೂ ಇಲ್ಲ.

ಗುಂಪು ಮೊದಲು ಮಾಡಬೇಕಾದ್ದು ಕಾನೂನು ಸಲಹೆಯಲ್ಲ, ವಾಯಿದೆ (ವಿಚಾರಣೆಯ ದಿನ) ತಪ್ಪದಂತೆ ನೋಡಿಕೊಳ್ಳುವುದು. ಒಂದು ವಾಯಿದೆಗೆ ಗೈರಾದರೆ ನ್ಯಾಯಾಧೀಶರು ಅವರಿಲ್ಲದೆಯೇ ಗಡೀಪಾರು ಆದೇಶ ಕೊಡಬಹುದು. ಒಳ್ಳೆಯ ಕೇಸೂ ಅಲ್ಲಿಗೇ ಮುಗಿಯುತ್ತದೆ. ನೋಟಿಸಿನ ಮೇಲಿರುವ 9 ಅಂಕಿಯ ಎ-ನಂಬರನ್ನು (ವಲಸೆ ಕಡತದ ಸಂಖ್ಯೆ) ಕೋರ್ಟಿನ ಆನ್‌ಲೈನ್ ಪೋರ್ಟಲ್ಲಿನಲ್ಲಿ, ಇಲ್ಲವೇ 1-800-898-7180ಕ್ಕೆ ಕರೆಮಾಡಿ ವಾರಕ್ಕೊಮ್ಮೆ ನೋಡಿ, ತಾರೀಖು ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ‘ಕೇಸ್ ಸಿಗಲಿಲ್ಲ’ ಎಂದು ಬಂದರೆ ನಿಶ್ಚಿಂತೆಯಿಂದ ಇರಬೇಡಿ. ನೋಟಿಸು ಕೈಗೆ ಕೊಟ್ಟು ಕೋರ್ಟಿಗೆ ಇನ್ನೂ ಸಲ್ಲಿಸಿಲ್ಲ ಎಂದಿರಬಹುದು. ಕಾಗದದಲ್ಲಿ ದಿನಾಂಕ ಇದ್ದರೆ ಆ ದಿನ ಹೋಗಲೇಬೇಕು.

ಜನ ಪದೇ ಪದೇ ಎಡವುವುದು ವಿಳಾಸದ ವಿಷಯದಲ್ಲಿ. ಮನೆ ಬದಲಿಸಿದ ಮೇಲೆ ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಎಆರ್-11 (ವಿಳಾಸ ಬದಲಾವಣೆಯ ಫಾರ್ಮ್) ಹಾಕಿ ಕೆಲಸ ಆಯಿತೆಂದುಕೊಳ್ಳುತ್ತಾರೆ. ಅದು ಕೋರ್ಟಿಗೆ ತಲುಪುವುದಿಲ್ಲ. ಕೋರ್ಟಿಗೆ ಅದರದೇ ವಿಳಾಸ ಬದಲಾವಣೆಯ ಫಾರ್ಮ್ ಇಒಐಆರ್-33 ಬೇರೆಯಾಗಿ, 5 ದಿನದೊಳಗೆ ಹಾಕಬೇಕು, ಒಂದು ಪ್ರತಿ ಎದುರು ಪಕ್ಷದ ಸರ್ಕಾರಿ ವಕೀಲರ ಕಚೇರಿಗೂ ಹೋಗಬೇಕು. ನೋಟಿಸು ಹಳೆಯ ಮನೆಗೆ ಹೋಗಿ ವಾಯಿದೆ ತಪ್ಪಿದರೆ, ‘ನನಗೆ ಗೊತ್ತೇ ಆಗಲಿಲ್ಲ’ ಎನ್ನುವ ವಾದ ಆಮೇಲೆ ನಿಲ್ಲುವುದು ಕಷ್ಟ.

ಅಸೈಲಮ್ ಕೇಳುವವರಿಗೆ ಇನ್ನೊಂದು ಮಾತು. ಅಮೆರಿಕಕ್ಕೆ ಬಂದ 1 ವರ್ಷದೊಳಗೆ ಐ-589 (ಅಸೈಲಮ್ ಅರ್ಜಿ) ಸಲ್ಲಿಕೆಯಾಗಬೇಕು. ಮುಂದಿನ ವಾಯಿದೆ ಎರಡು ವರ್ಷ ಆಚೆಗಿದ್ದರೂ ಈ ಗಡುವು ಕಾಯುವುದಿಲ್ಲ. ವಿನಾಯಿತಿಗಳಿವೆ, ಆದರೆ ಅವನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಬಯಲುಸೀಮೆ ಉತ್ತರಿಸಿದ್ದು:

ಎಲ್‌ಎಲ್‌ಬಿ ಪ್ರಶ್ನೆಗೆ: ಭಾರತದ ಸನ್ನದಿನ ಮೇಲೆ ಇಲ್ಲಿ ವಕಾಲತ್ತು ಹಾಕಲು ಬರುವುದಿಲ್ಲ, ಕಾರ್ಡಿನ ಮೇಲೆ ‘ಅಟಾರ್ನಿ’ ಎಂದು ಬರೆದುಕೊಳ್ಳಲೂ ಕೂಡದು. ಆದರೆ ಅವರಿಗೆ ಹೇಳಿ ಮಾಡಿಸಿದಂಥ ದಾರಿ ಒಂದಿದೆ. ನ್ಯಾಯ ಇಲಾಖೆಯೇ ಮಾನ್ಯತೆ ಕೊಡುವ ‘ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್’ (ಮಾನ್ಯತೆ ಪಡೆದ ಪ್ರತಿನಿಧಿ) ವ್ಯವಸ್ಥೆ. ಅಮೆರಿಕದ ಯಾವುದೇ ರಾಜ್ಯದ ಬಾರಿನಲ್ಲಿ (ವಕೀಲರ ಪರಿಷತ್ತಿನಲ್ಲಿ) ವಕೀಲರಾಗಿರುವವರಿಗೆ ಇದು ಅಲ್ಲ. ನಿಮ್ಮವರು ಇಲ್ಲಿ ವಕೀಲರಲ್ಲವಾದ್ದರಿಂದ ಅರ್ಜಿ ಹಾಕಬಹುದು.

ಎರಡು ಹಂತ ಇದೆ. ಭಾಗಶಃ ಮಾನ್ಯತೆ ಇದ್ದವರು ಯುಎಸ್‌ಸಿಐಎಸ್‌ನಂಥ ಕಚೇರಿಗಳ ಮುಂದೆ ಮಾತ್ರ ಪ್ರತಿನಿಧಿಸಬಹುದು. ಪೂರ್ಣ ಮಾನ್ಯತೆ ಇದ್ದವರು ಇಮಿಗ್ರೇಶನ್ ಕೋರ್ಟಿನಲ್ಲೂ ಮೇಲ್ಮನವಿ ಮಂಡಳಿಯ ಮುಂದೆಯೂ ನಿಲ್ಲಬಹುದು. ಅದಕ್ಕೆ ಸಾಕ್ಷಿ ವಿಚಾರಣೆ, ಮೌಖಿಕ ವಾದ, ಲಿಖಿತ ವಾದ ಬರುತ್ತವೆಂದು ತೋರಿಸಬೇಕು. ಊರಿನ ಕೋರ್ಟಿನಲ್ಲಿ ಪಳಗಿದ್ದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಇಲ್ಲಿನ ವಲಸೆ ಕಾನೂನಿನ ತರಬೇತಿ ಮಾತ್ರ ಬೇಕೇ ಬೇಕು. ವಿಲನೋವಾ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸು ಇದಕ್ಕೆಂದೇ ರೂಪಿಸಿದ್ದು. ಕ್ಯಾಥೊಲಿಕ್ ಲೀಗಲ್ ಇಮಿಗ್ರೇಶನ್ ನೆಟ್‌ವರ್ಕ್ ಕೂಡ ತರಬೇತಿ ಕೊಡುತ್ತದೆ.

ಮಾನ್ಯತೆ ವ್ಯಕ್ತಿಗೆ ಒಬ್ಬಂಟಿಯಾಗಿ ಸಿಗುವುದಿಲ್ಲ. ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಯ ಮೂಲಕವೇ ಆಗಬೇಕು. ಸಂಸ್ಥೆಗೆ ಇಒಐಆರ್-31 ಅರ್ಜಿ (ಮಾನ್ಯತೆ 6 ವರ್ಷ), ವ್ಯಕ್ತಿಗೆ ಇಒಐಆರ್-31ಎ ಅರ್ಜಿ (ಮಾನ್ಯತೆ 3 ವರ್ಷ), ಆಮೇಲೆ ನವೀಕರಣ. ತೆರಿಗೆ ವಿನಾಯಿತಿ ಇದ್ದ ಮಾತ್ರಕ್ಕೆ ಕನ್ನಡ ಸಂಘಕ್ಕೆ ಇದು ಸಿಕ್ಕಿಬಿಡುವುದಿಲ್ಲ. ಮುಖ್ಯವಾಗಿ ಬಡವರಿಗೆ ವಲಸೆ ಕಾನೂನಿನ ಸೇವೆ ಕೊಡುತ್ತಿರಬೇಕು, ಕಾನೂನು ಗ್ರಂಥಗಳು, ಮೇಲ್ವಿಚಾರಣೆ ಎಲ್ಲ ಇರಬೇಕು. ರಾಜ್ಯೋತ್ಸವ, ಯುಗಾದಿ ನಡೆಸುವ ಸಂಘ ಹೊಸದಾಗಿ ಇದನ್ನೆಲ್ಲ ಕಟ್ಟುವ ಬದಲು, ಈಗಾಗಲೇ ಮಾನ್ಯತೆ ಇರುವ ಸಂಸ್ಥೆಗೆ ಆ ಇಬ್ಬರನ್ನು ಸ್ವಯಂಸೇವಕರಾಗಿ ಕಳಿಸುವುದೇ ಸರಿ. ಅವರ ವೀಸಾ ಸ್ವಯಂಸೇವೆಗೆ ಅಡ್ಡಿ ಬರುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ.

ಅಂಕೋಲೆ ಉತ್ತರಿಸಿದ್ದು:

ಮೇಲಿನ ದಾರಿ ದೀರ್ಘವಾದದ್ದು. ಈಗಲೇ ಆಗುವ ಕೆಲಸವೆಂದರೆ ಇರುವ ವಕೀಲರ ಸಮಯವನ್ನು ಹೆಚ್ಚು ಜನರಿಗೆ ಹಂಚುವುದು.

ಇಮಿಗ್ರೇಶನ್ ಕೋರ್ಟುಗಳ 2022ರ ನಿಯಮ ಇಲ್ಲಿ ದೊಡ್ಡ ಉಪಕಾರ ಮಾಡಿದೆ. ಅದಕ್ಕೆ ಮೊದಲು ವಕೀಲರು ಕೈಹಾಕಿದರೆ ಇಒಐಆರ್-28 (ವಕಾಲತ್ತಿನ ಫಾರ್ಮ್) ಹಾಕಿ ಕೇಸಿನ ಹೊಣೆ ಹೊರಬೇಕೆಂಬ ಭಯ, ಹೊರಬರಲು ನ್ಯಾಯಾಧೀಶರ ಅನುಮತಿ ಬೇಕು. ಈಗ ಒಂದು ದಾಖಲೆಗಷ್ಟೇ ನೆರವಾಗಿ ಇಒಐಆರ್-61 (ಅಷ್ಟಕ್ಕೇ ನೆರವಾದೆ ಎಂದು ತಿಳಿಸುವ ಫಾರ್ಮ್) ಅನ್ನು ಅದರ ಜೊತೆಗೆ ಸಲ್ಲಿಸಿದರೆ ಸಾಕು. ಒಬ್ಬ ವಕೀಲರು ಶನಿವಾರದ ಶಿಬಿರದಲ್ಲಿ ಕೂತರೆ, ನಾಲ್ಕಾರು ಸ್ವಯಂಸೇವಕರು ಕನ್ನಡದಲ್ಲಿ ಮಾಹಿತಿ ಕೇಳಿ ಐ-589 ತುಂಬಬಹುದು, ವಕೀಲರು ಪ್ರತಿಯೊಂದನ್ನೂ ಓದಿ ತಿದ್ದಬೇಕು.

ಗೆರೆ ಎಲ್ಲಿದೆಯೆಂದರೆ: ಹೇಳಿದ್ದನ್ನು ಅನುವಾದಿಸಿ ಬರೆಯಬಹುದು. ಯಾವ ಫಾರ್ಮ್ ಹಾಕಬೇಕು, ಯಾವ ಉತ್ತರ ಬರೆದರೆ ಒಳ್ಳೆಯದು ಎಂದು ನೀವೇ ಹೇಳಿದರೆ ಅದು ಕಾನೂನು ಸಲಹೆ, ವಕೀಲರೇ ಹೇಳಬೇಕು. ಫಾರ್ಮ್ ಸಿದ್ಧಪಡಿಸಿದವರ ಸಹಿಗೆ ಕೊನೆಯಲ್ಲಿ ಜಾಗವಿದೆ, ಅಲ್ಲಿ ಹೆಸರು ಮುಚ್ಚಿಡಬೇಡಿ. ದುಡ್ಡು ಇಸಿದುಕೊಂಡು, ಹೆಸರು ಬರೆಯದೆ, ಎಲ್ಲರಿಗೂ ಒಂದೇ ಕಥೆ ಅಚ್ಚುಹಾಕುವ ‘ಕನ್ಸಲ್ಟೆಂಟು’ಗಳಿಂದ ಕೆಟ್ಟ ಕೇಸುಗಳನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಮೊದಲ ವಾಯಿದೆಗೆ ಹೋಗುವವರು, ಆರೋಪಗಳನ್ನು ಒಪ್ಪುವ ಅಥವಾ ಅಲ್ಲಗಳೆಯುವ ಮೊದಲೇ, ವಕೀಲರನ್ನು ಹುಡುಕಲು ಸಮಯ ಕೇಳಬಹುದು. ಉಚಿತ ನೆರವಿನ ಸಂಸ್ಥೆಗಳ ಪಟ್ಟಿ ಅಲ್ಲಿ ಕೊಡುತ್ತಾರೆ. ಅದರಲ್ಲಿ ಬಹುತೇಕರು ‘ಈಗ ಹೊಸ ಕೇಸು ತೆಗೆದುಕೊಳ್ಳುತ್ತಿಲ್ಲ’ ಎನ್ನುವುದುಂಟು. ಕರೆ ಮಾಡುವ ಕೆಲಸ ನಿಮ್ಮ ಗುಂಪು ವಹಿಸಿಕೊಳ್ಳಲಿ: ಯಾವ ದಿನ, ಯಾವ ಸಂಸ್ಥೆ, ಏನೆಂದರು ಎಂದು ಬರೆದಿಡಿ. ಇನ್ನೊಮ್ಮೆ ಸಮಯ ಕೇಳಬೇಕಾಗಿ ಬಂದರೆ ಆ ಹಾಳೆ ಬೇಕಾಗುತ್ತದೆ. ಎರಡನೇ ಸಲ ಸುಲಭವಾಗಿ ಸಿಗುವುದಿಲ್ಲ.

ಜೆರ್ಸಿ_ಕನ್ನಡಿಗ:

ತುಂಬ ಉಪಕಾರವಾಯಿತು. ಅನುವಾದಕ್ಕೆ ನಮ್ಮಲ್ಲಿ ಜನರಿದ್ದಾರೆ. ನೋಟರಿ ಬೇಕಾ? ಮನೆಯವರೇ ಅನುವಾದಿಸಿದರೆ ನಡೆಯುತ್ತದಾ?

ಶರಾವತಿ:

ನೋಟರಿ ಬೇಡ. ‘ಈ ಭಾಷೆಯಿಂದ ಅನುವಾದಿಸಲು ನಾನು ಸಮರ್ಥ, ಅನುವಾದ ನನ್ನ ಶಕ್ತಿಮೀರಿ ಸರಿಯಾಗಿದೆ’ ಎಂಬ ಪ್ರಮಾಣಪತ್ರ, ಅನುವಾದಕರ ಸಹಿ, ಹೆಸರು, ವಿಳಾಸ, ಫೋನ್ ಇರಬೇಕು. ಮನೆಯವರು ಮಾಡಿದ್ದಕ್ಕೆ ತೂಕ ಕಡಿಮೆ, ಹೊರಗಿನವರಿಂದ ಮಾಡಿಸಿ. ಸಾರಾಂಶ ಬರೆಯದೆ ಮೊಹರು, ಕೈಬರಹದ ಷರಾ ಸಹಿತ ಪೂರ್ತಿ ಅನುವಾದಿಸಿ.

ಎಫ್‌ಐಆರಿನಲ್ಲಿ 05-08 ಎಂದಿದ್ದರೆ ಇಲ್ಲಿ ಅದನ್ನು ಮೇ 8 ಎಂದು ಓದುತ್ತಾರೆ, ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಊರು, ತಂದೆಯ ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಬಿಡಿಸಿ, ಇನ್ನೊಂದರಲ್ಲಿ ಬರೀ ಅಕ್ಷರವಾಗಿ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಇಲ್ಲಿ ‘ಎಫ್‌ಎನ್‌ಯು’ (‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಸೇರಿರುತ್ತದೆ. ಇವೆಲ್ಲ ಒಬ್ಬರೇ ಎಂದು ತೋರಿಸುವ ಚಿಕ್ಕ ಅಫಿಡವಿಟ್ ಜೊತೆಗಿರಲಿ. ಇಂಗ್ಲಿಷ್ ಬಾರದವರ ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ಬರೆದರೆ, ಸಹಿಗೆ ಮೊದಲು ಅವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಲಾಯಿತು, ಅವರಿಗೆ ಅರ್ಥವಾಯಿತು ಎಂಬ ಪ್ರಮಾಣಪತ್ರವೂ ಬೇಕು.

ವಿಚಾರಣೆಯಲ್ಲಿ ದುಭಾಷಿಯನ್ನು ಕೋರ್ಟೇ ಉಚಿತವಾಗಿ ಕೊಡುತ್ತದೆ. ಆಡುವ ಭಾಷೆ ಯಾವುದೆಂದು ಮೊದಲ ವಾಯಿದೆಯಲ್ಲೇ ಹೇಳಿಬಿಡಿ. ಕನ್ನಡ, ತುಳು, ಬ್ಯಾರಿ, ಕೊಡವ ಯಾವುದೇ ಇರಲಿ. ಭಾರತದವರೆಂದು ಹಿಂದಿ ದುಭಾಷಿಯನ್ನು ಕೊಟ್ಟರೆ, ಅರ್ಥವಾಗುತ್ತಿಲ್ಲವೆಂದು ಆಗಲೇ ಹೇಳಿ ದಾಖಲೆಗೆ ಸೇರಿಸುವಂತೆ ಕೇಳಬೇಕು.